ಫಾರ್ಮ್ಯಾಟ್ ಮಾಡಿಸುವ ಮೊದಲು

ಉಡುಪಿ ಸಿಟಿ ಬಸ್ ಸ್ಟ್ಯಾಂಡ್ ಹತ್ತಿರ ನಮ್ಮದೊಂದು ಮೊಬೈಲ್ ರಿಪೇರಿ ಅಂಗಡಿ ಉಂಟು. ಒಳಗೆ ಕೂತು ಡಿಸ್‌ಪ್ಲೇ, ಬ್ಯಾಟರಿ ಬದಲಿಸುವುದು ತಮ್ಮನ ಕೆಲಸ. ಕೌಂಟರ್ ನನ್ನದು. ಕೌಂಟರಿನಲ್ಲಿ ಹೆಂಗಸು ಇದ್ದಾಳೆ ಅಂತಲೋ ಏನೋ, ತಾಯಂದಿರು ಫೋನಿನ ವಿಷಯ ಬಿಟ್ಟು ಬೇರೆಯದನ್ನೂ ಹೇಳುತ್ತಾರೆ. ಮಗಳ ಫೋನೋ ಮಗನ ಫೋನೋ ಮುಂದಿಟ್ಟು, "ಅಕ್ಕ, ಇದನ್ನೊಮ್ಮೆ ಪೂರ್ತಿ ಫಾರ್ಮ್ಯಾಟ್ ಮಾಡಿಕೊಡಿ" ಎಂದು ಧ್ವನಿ ತಗ್ಗಿಸಿ ಕೇಳಿದರೆ, ಇದು ಫೋನ್ ಹ್ಯಾಂಗ್ ಆಗುವ ಸಮಸ್ಯೆ ಅಲ್ಲ, ಯಾರೋ ಫೋಟೋ ಇಟ್ಟುಕೊಂಡು ಮಗುವನ್ನು ಬೆದರಿಸುತ್ತಿದ್ದಾರೆ ಅಂತ ಗೊತ್ತಾಗುತ್ತದೆ.

ಅಂಥ ಫೋನನ್ನು ನಾವು ಫಾರ್ಮ್ಯಾಟ್ ಮಾಡುವುದಿಲ್ಲ. ಈಗಿನ ಆಂಡ್ರಾಯ್ಡ್ ಫೋನಿನಲ್ಲಿ ಎಲ್ಲವೂ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀಲಿ ಇಲ್ಲದೆ ಓದಲಾಗದ ಹಾಗೆ ಇರುತ್ತದೆ. ರೀಸೆಟ್ ಕೊಟ್ಟರೆ ಅದರ ಕೀಲಿಯೇ ಅಳಿದುಹೋಗುತ್ತದೆ. ಆಮೇಲೆ ಯಾವ ರಿಕವರಿ ಸಾಫ್ಟ್‌ವೇರ್ ಹಾಕಿದರೂ ಅದು ವಾಪಸ್ ಬರುವುದಿಲ್ಲ. ಬೆದರಿಸುತ್ತಿರುವವನ ಹತ್ತಿರ ಇರುವ ಫೋಟೋ ಮಾತ್ರ ಹಾಗೇ ಇರುತ್ತದೆ. ಅಂದರೆ ಅಳಿಯುವುದು ನಮ್ಮ ಸಾಕ್ಷಿ ಮಾತ್ರ.

ನಡೆಯುವುದು ಹೆಚ್ಚಾಗಿ ಹೀಗೆ. ಪಿಯುಸಿ ಹುಡುಗನ ಇನ್‌ಸ್ಟಾಗ್ರಾಂಗೆ ಒಂದು ಹುಡುಗಿಯ ಹೆಸರಿನಲ್ಲಿ ರಿಕ್ವೆಸ್ಟ್ ಬರುತ್ತದೆ. ಕ್ಲಾಸಿನ ಇಬ್ಬರು ಮೂವರು ಆಗಲೇ ಒಪ್ಪಿಕೊಂಡಿರುತ್ತಾರೆ, ಹಾಗಾಗಿ ಇವನಿಗೂ ಅನುಮಾನ ಬರುವುದಿಲ್ಲ. ಮಾತು, ನಗು, ರಾತ್ರಿ ವಿಡಿಯೋ ಕಾಲ್. ಕಾಲ್ ಕಟ್ ಆದ ಕೂಡಲೇ ಅದರ ರೆಕಾರ್ಡಿಂಗ್ ಬರುತ್ತದೆ. ಜೊತೆಗೆ ಅವನ ಫಾಲೋವರ್ಸ್ ಪಟ್ಟಿಯ ಸ್ಕ್ರೀನ್‌ಶಾಟ್. ಅದರಲ್ಲಿ ಅತ್ತೆಯ ಮಗಳು, ಟ್ಯೂಷನ್ ಸರ್, ಚರ್ಚಿನ ಯೂತ್ ಗ್ರೂಪಿನವರು, ಭಜನಾ ಮಂಡಳಿಯವರು ಎಲ್ಲ ಇರುತ್ತಾರೆ. "ಇವರಿಗೆಲ್ಲ ಕಳಿಸುತ್ತೇನೆ, ದುಡ್ಡು ಹಾಕು." ಒಮ್ಮೆ ಹಾಕಿದರೆ ಮತ್ತೆ ಕೇಳುತ್ತಾರೆ. ಹಾಕುವವನು ಅಂತ ಗೊತ್ತಾಯಿತಲ್ಲ!

ಹುಡುಗಿಯರ ಹತ್ತಿರ ದುಡ್ಡಿಗಿಂತ ಇನ್ನೂ ಹೆಚ್ಚು ಫೋಟೋ ಕೇಳುವುದು ಜಾಸ್ತಿ. ಕೆಲವು ಸಲ ಮಗು ಏನೂ ಕಳಿಸಿರುವುದಿಲ್ಲ. ಶಾಲಾ ವಾರ್ಷಿಕೋತ್ಸವದ ಒಂದು ಫೋಟೋ ತೆಗೆದುಕೊಂಡು ಆಪ್‌ನಲ್ಲಿ ಬಟ್ಟೆ ಇಲ್ಲದ ಹಾಗೆ ಮಾಡಿರುತ್ತಾರೆ.

ಗಂಡು ಮಕ್ಕಳ ವಿಷಯ ಬೇಕೆಂದೇ ಮೊದಲು ಹೇಳಿದೆ. ನಮ್ಮ ಕಡೆ ಮಗಳು ಸಂಜೆ ಬಸ್ ತಪ್ಪಿಸಿಕೊಂಡರೆ ಊರಿಡೀ ಫೋನ್ ಮಾಡುತ್ತೇವೆ, ಮಗ ರಾತ್ರಿಯಿಡೀ ಯಾರ ಜೊತೆ ಮಾತಾಡುತ್ತಾನೆ ಎಂದು ಕೇಳುವುದಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಗೆ ಆ ಭೇದ ಇಲ್ಲ. 18 ತುಂಬದ ಹುಡುಗನೂ ಹುಡುಗಿಯೂ ಅದರಲ್ಲಿ ಮಗುವೇ.

"ಯಾವಾಗ ನೋಡಿದರೂ ಫೋನ್ ಅಡಗಿಸ್ತಾಳೆ ಮಾರಾಯ್ರೆ" ಎಂದು ಹೇಳುವವರು ತುಂಬಾ ಮಂದಿ. ಅದರಿಂದ ಏನೂ ಗೊತ್ತಾಗುವುದಿಲ್ಲ. ಹದಿನಾಲ್ಕು ದಾಟಿದ ಯಾವ ಮಗು ಫೋನ್ ತೋರಿಸುತ್ತದೆ ಹೇಳಿ? ನನಗೆ ಹೆದರಿಕೆ ಆಗುವುದು ಫೋನನ್ನು ಕಂಡರೆ ಹೆದರುವ ಮಕ್ಕಳನ್ನು ನೋಡಿದಾಗ. ಒಂದು ನೋಟಿಫಿಕೇಶನ್ ಬಂದರೂ ಬೆಚ್ಚುವುದು. ಮೊದಲು ಕೊಡು ಎಂದರೂ ಕೊಡದವನು ಈಗ ಫೋನೇ ಬೇಡ ಎನ್ನುವುದು. ಕ್ರಿಕೆಟಿಗೆ ಹೋಗದೆ ಕೋಣೆಯಲ್ಲೇ ಕೂರುವುದು, ಅಜ್ಜಿಯ ಹತ್ತಿರ, ಗೆಳೆಯರ ಹತ್ತಿರ ಪದೇ ಪದೇ ಸಾಲ ಕೇಳುವುದು. ಅಂಗಡಿಗೆ ಒಂಟಿಯಾಗಿ ಬಂದು, "ಅಕ್ಕ, ಸಿಮ್ ಬದಲಿಸಿದರೆ ಅವರಿಗೆ ನಾನು ಸಿಗುವುದಿಲ್ಲ ಅಲ್ವಾ?" ಎಂದು ಕೇಳುವ ಮಕ್ಕಳಿದ್ದಾರೆ. ಆ ಪ್ರಶ್ನೆ ಕೇಳಿದ ಮಗುವನ್ನು ನಾನು ಸುಮ್ನೆ ಕಳಿಸುವುದಿಲ್ಲ. ಸ್ಟೂಲ್ ಹಾಕಿ ಕೂರಿಸುತ್ತೇನೆ.

ಇನ್ನೊಂದು, ಮನೆಯವರು ಕೊಡಿಸದ ಫೋನ್. ಅದನ್ನು ಯಾರು ಕೊಟ್ಟರು? ಆಟದಲ್ಲಿ ಡೈಮಂಡ್, ರೀಚಾರ್ಜ್, ಹೊಸ ಇಯರ್‌ಬಡ್ಸ್, ಇವೆಲ್ಲ ಎಲ್ಲಿಂದ ಬಂದವು? ಇನ್‌ಸ್ಟಾಗ್ರಾಂನ ಅಪರಿಚಿತರ ಬಗ್ಗೆ ಇಷ್ಟು ಹೇಳಿದೆ, ಆದರೆ ಪೋಕ್ಸೊ ಪ್ರಕರಣಗಳಲ್ಲಿ ಬಹುಪಾಲು ಆರೋಪಿಗಳು ಮಗುವಿಗೆ ಗೊತ್ತಿರುವವರೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಅಂಕಿಅಂಶಗಳೇ ಹೇಳುತ್ತವೆ. ನೆಂಟರು, ನೆರೆಯವರು, ಮನೆಗೆ ಬಂದು ಹೋಗುವವರು. "ಅಮ್ಮನಿಗೆ ಹೇಳಬೇಡ" ಎಂದು ಉಡುಗೊರೆ ಕೊಡುವ ದೊಡ್ಡವರು ಎಷ್ಟೇ ಹತ್ತಿರದವರಾದರೂ ನನಗೆ ಅನುಮಾನವೇ.

ಸರಿ, ವಿಷಯ ಗೊತ್ತಾಯಿತು. ಎಂತ ಮಾಡುವುದು ಈಗ?

ಮೊದಲು ಮಗುವಿಗೆ ಹೊಡೆಯಬೇಡಿ, ಫೋನನ್ನು ನೆಲಕ್ಕೆ ಬಡಿಯಬೇಡಿ. ಎರಡನೆಯದನ್ನು ತಮಾಷೆಗೆ ಹೇಳುತ್ತಿಲ್ಲ, ಒಡೆದ ಫೋನ್‌ಗಳು ಬರುವುದು ನಮ್ಮ ಅಂಗಡಿಗೇ ತಾನೆ. ಬೆದರಿಸುವವನು "ನಿನ್ನ ಅಪ್ಪನಿಗೆ ಹೇಳುತ್ತೇನೆ" ಎನ್ನುವುದು ಯಾಕೆ? ಮಗುವಿಗೆ ಅವನಿಗಿಂತ ಅಪ್ಪನ ಹೆದರಿಕೆ ಜಾಸ್ತಿ ಅಂತ ಅವನಿಗೆ ಗೊತ್ತು. "ಹೇಳಿದ್ದು ಒಳ್ಳೆಯದಾಯಿತು, ಇನ್ನು ನಾವು ನೋಡಿಕೊಳ್ಳುತ್ತೇವೆ" ಎಂದು ಮನೆಯವರು ಒಂದು ಮಾತು ಹೇಳಿದರೆ ಅವನ ಅರ್ಧ ಆಟ ಮುಗಿಯಿತು. ಯಾಕೆ ಕಳಿಸಿದೆ, ಯಾಕೆ ಮಾತಾಡಿದೆ ಎಂಬ ವಿಚಾರಣೆ ಆವತ್ತು ಬೇಡ.

ಆಮೇಲೆ ಸಾಕ್ಷಿ. ಬ್ಲಾಕ್ ಮಾಡುವ ಮೊದಲು ಆ ಖಾತೆಯ ಯೂಸರ್‌ನೇಮ್, ಪ್ರೊಫೈಲ್ ಲಿಂಕ್, ಬೆದರಿಕೆಯ ಮೆಸೇಜುಗಳು, ದುಡ್ಡು ಕೇಳಿದ ಯುಪಿಐ ಐಡಿ, ನಂಬರ್ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಸ್ನ್ಯಾಪ್‌ಚಾಟ್ ಆದರೆ ಸ್ಕ್ರೀನ್‌ಶಾಟ್ ತೆಗೆದದ್ದು ಆ ಕಡೆಗೂ ಗೊತ್ತಾಗುತ್ತದೆ. ಹಾಗಾಗಿ ಇನ್ನೊಂದು ಫೋನಿನಿಂದ ಪರದೆಯ ಫೋಟೋ ತೆಗೆಯಿರಿ. ದುಡ್ಡು ಹಾಕಬೇಡಿ. ಹಾಕಿ ಆಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಇದರಲ್ಲಿ ತಡ ಮಾಡಿದಷ್ಟು ನಷ್ಟ.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಪ್ಪ ದುಬೈಯಲ್ಲೋ ಮಸ್ಕತ್‌ನಲ್ಲೋ ಇರುತ್ತಾರೆ. ತಾಯಿ ಗಾಬರಿಯಲ್ಲಿ ಆ ಫೋಟೋವನ್ನೇ ಗಂಡನಿಗೆ ವಾಟ್ಸಾಪ್ ಮಾಡಲು ಹೊರಡುತ್ತಾರೆ. ಬೇಡ. ಅಣ್ಣನಿಗೂ ಬೇಡ, ಟೀಚರಿಗೂ ಬೇಡ, ನನಗೂ ತೋರಿಸಬೇಡಿ. ಮಗುವಿನ ಅಂಥ ಚಿತ್ರವನ್ನು ಕಳಿಸುವುದು ಐಟಿ ಕಾಯ್ದೆಯ 67ಬಿ ಪ್ರಕಾರ ಅಪರಾಧ. ಕಾನೂನು ಬಿಡಿ, ಆ ಚಿತ್ರ ಇನ್ನೊಂದು ಫೋನಿಗೆ ಹೋದದ್ದು ನಮ್ಮ ಕೈಯಿಂದಲೇ ಆಯಿತಲ್ಲ. ಗಂಡನಿಗೆ ವಿಷಯ ಬಾಯಲ್ಲಿ ಹೇಳಿ, ಸಾಕು.

ಚಿತ್ರ ಹರಡುವ ಹೆದರಿಕೆ ಇದ್ದರೆ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ ಉಂಟು. ಅಮೆರಿಕದ ಎನ್‌ಸಿಎಂಇಸಿ ಎಂಬ ಮಕ್ಕಳ ರಕ್ಷಣೆಯ ಸಂಸ್ಥೆ ಅದನ್ನು ನಡೆಸುತ್ತದೆ, ಬೇರೆ ದೇಶದ ಮಕ್ಕಳೂ ಬಳಸಬಹುದು. ಚಿತ್ರ ಅವರಿಗೆ ಹೋಗುವುದೇ ಇಲ್ಲ. ನಮ್ಮ ಫೋನಿನಲ್ಲೇ ಆ ಚಿತ್ರಕ್ಕೆ ಬೆರಳಚ್ಚಿನ ಹಾಗೆ ಒಂದು ಕೋಡ್ ತಯಾರಾಗುತ್ತದೆ, ಆ ಕೋಡ್ ಮಾತ್ರ ಹೋಗುತ್ತದೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಅದನ್ನು ನೋಡಿ ಚಿತ್ರ ತೆಗೆಯುತ್ತವೆ. ವಾಟ್ಸಾಪ್ ಚಾಟಿನೊಳಗೆ ಮಾತ್ರ ಇದು ನಡೆಯುವುದಿಲ್ಲ.

ದೂರು ಕೊಡುವ ಮಾತು ಬಂದಾಗ ಎಲ್ಲರೂ ಹಿಂದೆ ಸರಿಯುತ್ತಾರೆ. "ಮಗುವನ್ನು ಸ್ಟೇಷನ್‌ಗೆ ಕರೆದುಕೊಂಡು ಹೋಗುವುದಾ? ನಾಳೆ ಊರಿಗೆಲ್ಲ ಗೊತ್ತಾಗುತ್ತದೆ." ಪೋಕ್ಸೊದಲ್ಲಿ ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಅಥವಾ ಮಗು ಹೇಳಿದ ಜಾಗದಲ್ಲಿ ಪಡೆಯಬೇಕು. ಸಾಧ್ಯವಾದಷ್ಟು ಮಹಿಳಾ ಎಸ್‌ಐ ಬರಬೇಕು, ಖಾಕಿ ಹಾಕುವ ಹಾಗಿಲ್ಲ. ಮಗುವಿಗೆ ನಂಬಿಕೆ ಇರುವ ಒಬ್ಬರು ಜೊತೆಗೆ ಕೂರಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಹೆಸರು, ಶಾಲೆ, ಫೋಟೋ ಪತ್ರಿಕೆಯಲ್ಲಿ ಬರುವ ಹಾಗಿಲ್ಲ. ಇವು ಪೊಲೀಸರು ತೋರಿಸುವ ಉಪಕಾರ ಅಲ್ಲ, ಕಾನೂನು. ಯಾರಾದರೂ ತಪ್ಪಿಸಿದರೆ ಕೇಳುವ ಹಕ್ಕು ನಮಗಿದೆ.

ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಇರುತ್ತದೆ, ಮಗುವೇ ಫೋನ್ ಮಾಡಬಹುದು. ಸೈಬರ್ ಅಪರಾಧದ ಕೇಂದ್ರ ಪೋರ್ಟಲ್‌ನಲ್ಲಿ ಮಕ್ಕಳ ವಿಷಯಕ್ಕೆ ಹೆಸರು ಹೇಳದೆಯೂ ದೂರು ಹಾಕಬಹುದು. ಸೈಬರ್ ಅಪರಾಧಗಳನ್ನು ನೋಡುವ ಸೆನ್ ಪೊಲೀಸ್ ಠಾಣೆ ಉಡುಪಿಯಲ್ಲೇ ಉಂಟು. ನನ್ನ ವಿಷಯ ಹೇಳುವುದಾದರೆ, ಇಂಥದ್ದು ಗೊತ್ತಾದ ಮೇಲೆ ಸುಮ್ಮನಿರುವುದು ನನಗೂ ಅಪರಾಧವೇ. ಪೋಕ್ಸೊದ 19ನೇ ಸೆಕ್ಷನ್ ಅಂಗಡಿಯವರನ್ನೂ ಬಿಟ್ಟಿಲ್ಲ. ಅದನ್ನು ತಾಯಂದಿರಿಗೆ ಮೊದಲೇ ಹೇಳಿಬಿಡುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ, "ನಿಮ್ಮ ಹತ್ತಿರ ಹೇಳಿದ್ದೇ ತಪ್ಪಾಯಿತು" ಎಂದೂ ಬೈಯುತ್ತಾರೆ. ಹೆಚ್ಚಿನವರು ಸ್ವಲ್ಪ ಹೊತ್ತು ಕೂತು, ನೀರು ಕುಡಿದು, ಅಂಗಡಿಯಿಂದಲೇ 1098ಕ್ಕೆ ಫೋನ್ ಮಾಡುತ್ತಾರೆ.

ಈಗೀಗ ಅಪ್ಪಂದಿರು ಬಂದು "ಮಗನ ಫೋನಿಗೆ ಗೊತ್ತಾಗದ ಹಾಗೆ ಒಂದು ಸ್ಪೈ ಆಪ್ ಹಾಕಿಕೊಡಿ" ಎನ್ನುತ್ತಾರೆ. ಹಾಕುವುದಿಲ್ಲ. ಸಣ್ಣ ಮಕ್ಕಳಿಗೆ ಫ್ಯಾಮಿಲಿ ಲಿಂಕ್ ಎಂಬ ಗೂಗಲ್‌ನ ಪೋಷಕರ ಆಪ್ ಹಾಕಿಕೊಡುತ್ತೇನೆ, ಅದೂ ಮಗುವಿನ ಎದುರೇ. ಹದಿನಾರರ ಹುಡುಗ ನಿಮ್ಮ ಆಪ್ ಪತ್ತೆ ಮಾಡಿದ ದಿನವೇ ಗೆಳೆಯನ ಫೋನಿನಲ್ಲಿ ಇನ್ನೊಂದು ಖಾತೆ ತೆರೆಯುತ್ತಾನೆ, ಆಮೇಲೆ ಏನಾದರೂ ಆದರೆ ನಿಮ್ಮ ಹತ್ತಿರ ಬರುವುದೇ ಇಲ್ಲ.

ದೂರು ಕೊಟ್ಟ ಮೇಲೆ ಪೊಲೀಸರು ಫೋನನ್ನು ತನಿಖೆಗೆ ಇಟ್ಟುಕೊಳ್ಳಬಹುದು, ವಾಪಸ್ ಬರಲು ಸಮಯ ಹಿಡಿಯುತ್ತದೆ. ಕೊಡುವಾಗ ರಸೀದಿ ಕೇಳಿ. ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ನಂಬರ್ ಬರೆದಿಟ್ಟುಕೊಳ್ಳಿ, *#06# ಒತ್ತಿದರೆ ಸಿಗುತ್ತದೆ. ಆ ಫೋನಿನ ಸಿಮ್ ನಂಬರಿಗೆ ಬ್ಯಾಂಕ್ ಓಟಿಪಿ, ಶಾಲೆಯ ಮೆಸೇಜು ಬರುತ್ತಿದ್ದರೆ ಅವಕ್ಕೆ ನಿಮ್ಮ ನಂಬರ್ ಕೊಡಿ. ಅಷ್ಟು ದಿನಕ್ಕೆ ಮಗುವಿಗೆ ಒಂದು ಹಳೆಯ ಫೋನ್ ಬೇಕಾದರೆ ನಮ್ಮಲ್ಲಿ ಕೇಳಿ, ಒಂದೆರಡು ಯಾವಾಗಲೂ ಇರುತ್ತವೆ.