ಅಪ್ಪ ಕುಸ್ತಿ ಯಾಕೆ ಬಿಟ್ಟ ಎಂದು ಕೇಳುವವರಿಗೆ

“ಪಾಪ, ನಿಮ್ಮ ತಂದೆಯವರು ಅಂಥ ಪೈಲ್ವಾನರಾಗಿದ್ದರು. ಕುಸ್ತಿ ಯಾಕೆ ಬಿಟ್ಟರು?”

ಅಪ್ಪನನ್ನು ಮಣ್ಣು ಮಾಡಿ ಬಂದ ದಿನವೇ ಅಂಗಳದಲ್ಲಿ ಒಬ್ಬರು ಹೀಗೆ ಕೇಳಿದರು. ಮೊನ್ನೆ ಗದಗ ಬಸ್ ನಿಲ್ದಾಣದಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾಯುತ್ತಿದ್ದಾಗ ಮತ್ತೊಬ್ಬರು ಕೇಳಿದರು. ಬಾಯಿಂದ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಉತ್ತರ ಇಷ್ಟೇ. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಊರೂರಿಗೆ ಜಾತ್ರೆ, ಜಾತ್ರೆ ಇದ್ದಲ್ಲಿ ಕುಸ್ತಿ. ಮದುವೆಗಳೂ ಅದೇ ಬೇಸಿಗೆಯಲ್ಲಿ. ಅಪ್ಪ ಗದಗದ ಒಂದು ಮುದ್ರಣಾಲಯದಲ್ಲಿ ಮೊಳೆ, ಅಂದರೆ ಒಂದೊಂದು ಅಕ್ಷರದ ಲೋಹದ ಅಚ್ಚು, ಜೋಡಿಸುತ್ತಿದ್ದ. ಲಗ್ನಪತ್ರಿಕೆಗಳ ಕಾಲದಲ್ಲಿ ಅಲ್ಲಿ ರಾತ್ರಿ ಹತ್ತಾದರೂ ದೀಪ ಆರುತ್ತಿರಲಿಲ್ಲ. ಕಣಕ್ಕೆ ಹೋದರೆ ಪಗಾರ ಹೋಯಿತು. ಗೆದ್ದು ತಂದ ಇನಾಮು ಹಾಲು, ಬದಾಮಿ, ತುಪ್ಪದ ಖುರಾಕಿಗೂ ಸಾಲುತ್ತಿರಲಿಲ್ಲ. ಮದುವೆಯಾಯಿತು, ನಾನು ಹುಟ್ಟಿದೆ, ಅಪ್ಪ ಪಗಾರ ಹಿಡಿದ.

ಇದನ್ನು ಹೇಳಿದರೆ ಕೇಳಿದವರ ಮುಖ ಬಾಡುತ್ತದೆ. ಕಾಲು ಮುರಿದಿರಬೇಕು, ಇಲ್ಲವೇ ಯಾರೋ ತುಂಬಿದ ಕಣದಲ್ಲಿ ಚಿತ್ ಮಾಡಿ ಮಾನ ಕಳೆದಿರಬೇಕು ಎಂದು ಅವರು ಮೊದಲೇ ಕಥೆ ಕಟ್ಟಿಕೊಂಡು ಬಂದಿರುತ್ತಾರೆ. ಅಪ್ಪನ ಕಾಲಿಗೆ ಏನೂ ಆಗಿರಲಿಲ್ಲ. ಆಳು ಬಾರದ ದಿನ ಅದೇ ಕಾಲಿನಿಂದ ಟ್ರೆಡಲ್ ಎಂಬ ಅಚ್ಚಿನ ಯಂತ್ರವನ್ನೂ ತುಳಿದ. ಸೋತದ್ದೂ ಉಂಟು, ಗೆದ್ದದ್ದೂ ಉಂಟು, ಎರಡನ್ನೂ ಊಟದ ಹೊತ್ತಿಗೆ ನಗುತ್ತಲೇ ಹೇಳುತ್ತಿದ್ದ.

ನನಗೆ ಸಿಟ್ಟು ಬರುವುದು ಆ “ಪಾಪ” ಎಂಬ ಮಾತಿಗೆ. ಅಪ್ಪ ಕುಸ್ತಿ ಆಡಿದ್ದು ಒಂಬತ್ತು ವರ್ಷ, ಮೊಳೆ ಜೋಡಿಸಿದ್ದು ಇಪ್ಪತ್ತಾರು ವರ್ಷ. ಆ ಇಪ್ಪತ್ತಾರು ವರ್ಷ ಏನೂ ನಡೆಯಲಿಲ್ಲ ಎಂಬಂತೆ ಮಾತಾಡಿದರೆ ನಾನು ಹೇಗೆ ಸುಮ್ಮನಿರಲಿ?

ಒಮ್ಮೆ ಬುತ್ತಿ ಕೊಡಲು ಹೋಗಿದ್ದೆ. ಲಕ್ಕುಂಡಿಯಿಂದ ಒಬ್ಬ ಹಿರಿಯರು ಕುಸ್ತಿಯ ಕರಪತ್ರ ಅಚ್ಚು ಹಾಕಿಸಲು ಬಂದಿದ್ದರು. “ಭಾರಿ ಜಂಗೀ ನಿಕಾಲಿ ಕುಸ್ತಿಗಳು” ಎಂದು ದಪ್ಪ ಅಕ್ಷರದಲ್ಲಿ ಬರಬೇಕು, ಕೆಳಗೆ ಪೈಲ್ವಾನರ ಜೋಡಿಗಳ ಹೆಸರು. ಕುಸ್ತಿಯಲ್ಲಿ ಪೆಟ್ಟು ತಿಂದು ಮುದುಡಿದ ಅಪ್ಪನ ಕಿವಿ ನೋಡಿದ್ದೇ ಅವರಿಗೆ ಗುರುತು ಹತ್ತಿತು. “ಈ ಕಾಗದದ ಮೇಲೆ ಹೆಸರು ಇರಬೇಕಾದವರು ನೀವು, ಇಲ್ಲಿ ಕುಳಿತು ಮೊಳೆ ಆರಿಸುತ್ತಿದ್ದೀರಲ್ಲ ಪೈಲ್ವಾನರೇ” ಎಂದು ಮರುಗಿದರು. ಅಪ್ಪ ಅವರ ಚೀಟಿಯಿಂದ ಕಣ್ಣೆತ್ತಲಿಲ್ಲ. “ಯಜಮಾನರೇ, ನಿಮ್ಮ ಊರಿನ ಹೆಸರಿಗೇ ಒತ್ತು ಬಿಟ್ಟಿದ್ದೀರಿ. ಹಾಕಲೇ?” ಎಂದ. ಅವರು ‘ಲಕುಂಡಿ’ ಎಂದು ಬರೆದು ತಂದಿದ್ದರು. ಇಡೀ ಪ್ರೆಸ್ಸು ನಕ್ಕಿತು, ಅವರೂ ನಕ್ಕರು. ಅಪ್ಪ ಕೆಳಗಿನ ಖಾನೆಯಿಂದ ಒಂದು ಕ-ಒತ್ತು ತೆಗೆದು ಜೋಡಿಸಿ ಮುಂದಿನ ಸಾಲಿಗೆ ಹೋದ.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆಯಿದೆ. ಕಲ್ಲು ಗುಂಡು ಎತ್ತಿದ ಆ ದಪ್ಪ ಬೆರಳುಗಳಲ್ಲಿ ಅಷ್ಟು ಸಣ್ಣ ಮೊಳೆಗಳನ್ನು ನಿಮ್ಮ ಅಪ್ಪ ಹೇಗೆ ಹಿಡಿಯುತ್ತಿದ್ದ ಎಂದು ಯಾರಾದರೂ ಕೇಳಲಿ, ಬಸ್ಸು ತಪ್ಪಿದರೂ ಚಿಂತೆಯಿಲ್ಲ, ನಿಂತು ಹೇಳುತ್ತೇನೆ.

ಸೀಸ, ತವರ, ಆಂಟಿಮನಿ ಬೆರೆಸಿ ಎರಕ ಹೊಯ್ದ ಮೊಳೆ, ಎತ್ತರ ಒಂದು ಇಂಚಿಗಿಂತ ತುಸು ಕಡಿಮೆ. ಇಂಗ್ಲಿಷಿಗೆ ದೊಡ್ಡವು, ಸಣ್ಣವು ಸೇರಿ 52 ಅಕ್ಷರ. ಕನ್ನಡಕ್ಕೆ ಕಾಗುಣಿತ, ಒತ್ತು ಎಲ್ಲ ಕೂಡಿ ನೂರಾರು ಖಾನೆ. ಅಪ್ಪ ಖಾನೆಯ ಕಡೆ ನೋಡುತ್ತಲೇ ಇರಲಿಲ್ಲ. ಕಣ್ಣು ಹಸ್ತಪ್ರತಿಯ ಮೇಲೆ, ಕೈ ತನ್ನಷ್ಟಕ್ಕೆ ಓಡಾಡುತ್ತಿತ್ತು. ಪ್ರತಿ ಮೊಳೆಯ ಒಡಲಿನಲ್ಲಿ ಒಂದು ಗೀರು ಇರುತ್ತದೆ. ಅದು ಬೆರಳಿಗೆ ತಗುಲಿದರೆ ಅಕ್ಷರದ ತಲೆ ಯಾವ ಕಡೆಗಿದೆ ಎಂದು ನೋಡದೆಯೇ ತಿಳಿಯುತ್ತದೆ. “ಎದುರಿನವನ ಮಣಿಕಟ್ಟು ಹಿಡಿದಾಗಲೂ ಹೀಗೇ. ಅವನು ಯಾವ ಕಡೆ ತಿರುಗುತ್ತಾನೆ ಎಂಬುದು ಮೊದಲು ಬೆರಳಿಗೆ ತಿಳಿಯಬೇಕು, ವಸ್ತಾದರು ಕಲಿಸಿದ್ದೇ ಅದನ್ನು” ಎನ್ನುತ್ತಿದ್ದ.

ಕಿವಿಯ ಮಾತು ಬಂತಲ್ಲ, ಅದನ್ನೂ ಹೇಳಬೇಕು. ಚಾಳೀಸು ಬಂದಾಗ ಕನ್ನಡಕದ ಕಡ್ಡಿ ಆ ಗಂಟು ಕಿವಿಗಳ ಮೇಲೆ ನಿಲ್ಲಲಿಲ್ಲ. ಅವ್ವ ಎರಡೂ ಕಡ್ಡಿಗೆ ಕರಿ ದಾರ ಕಟ್ಟಿ ತಲೆಯ ಹಿಂದೆ ಗಂಟು ಹಾಕಿ ಕೊಟ್ಟಳು. ಕೊನೆಯವರೆಗೂ ಅಪ್ಪ ಓದಿದ್ದು ಹಾಗೆಯೇ. ದಾರ ಹಳತಾದಂತೆ ಅವ್ವ ಬದಲಿಸುತ್ತಿದ್ದಳು.

ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವಾಗಿರುತ್ತದೆ. ಶಾಲೆಗೆ ಸೇರುವ ಮೊದಲೇ ಅಪ್ಪ ನನಗೆ ಹಳೆಯ ಮೊಳೆಗಳನ್ನು ಕೊಟ್ಟು ಅಕ್ಷರ ಕಲಿಸಿದ್ದರಿಂದ ನಾನು ಪಾಟಿಯ ಮೇಲೆ ಎಲ್ಲವನ್ನೂ ತಿರುವಾಗಿಯೇ ಬರೆದೆ. ಗುರುಗಳು ಅಪ್ಪನನ್ನು ಕರೆಸಿ ಪಾಟಿ ತೋರಿಸಿದರು. ಅಪ್ಪ ಬಹಳ ಹೊತ್ತು ನೋಡಿ, “ಸರಿಯಾಗಿಯೇ ಇದೆಯಲ್ಲ ಗುರುಗಳೇ?” ಎಂದನಂತೆ. ಅವನ ಕಣ್ಣಿಗೆ ಅದು ನಿಜವಾಗಿಯೂ ಸರಿಯಾಗಿತ್ತು.

ಮೊಳೆ ಬೇಡದ ಆಫ್‌ಸೆಟ್ ಮುದ್ರಣ ಬಂತು, ಹಿಂದೆಯೇ ಕಂಪ್ಯೂಟರ್ ಬಂತು. ಮೊಳೆಗಳು ತೂಕದ ಲೆಕ್ಕದಲ್ಲಿ ಹೋದವು. ಆ ದಿನ ಅಪ್ಪ ಊಟ ಮಾಡಲಿಲ್ಲ. ಕುಸ್ತಿ ಬಿಟ್ಟ ದಿನ ಉಂಡಿದ್ದ ಎಂದು ಅವ್ವ ಹೇಳುತ್ತಾಳೆ.

ಕೊನೆಯ ವಾರ ಆಸ್ಪತ್ರೆಯಲ್ಲಿ ಅಪ್ಪನ ಮಂಚದ ಎದುರಿಗೆ ಒಂದು ಗಾಜಿನ ಬಾಗಿಲು ಇತ್ತು. ಅದರ ಹೊರಮೈಗೆ ಏನೋ ಬರೆದಿದ್ದರು, ಒಳಗಿನಿಂದ ನಮಗೆ ತಿರುವಾಗಿ ಕಾಣುತ್ತಿತ್ತು. ಎರಡು ದಿನ ಸರಿಯಾಗಿ ಮಾತೇ ಆಡಿರದ ಅಪ್ಪ ಬೆರಳು ಎತ್ತಿ ನನಗೆ ಹೇಳಿದ. “ಅವ್ವಾ, ಆ ದ ನೋಡು. ಹೊಟ್ಟೆ ಸೀಳಿಲ್ಲ.” ನನಗೆ ಓದಲು ಬರಲಿಲ್ಲ. ಎದ್ದು ಹೊರಗೆ ಹೋಗಿ ನಿಂತು ನೋಡಿದೆ. ‘ಔಷದ ವಿತರಣೆ’ ಎಂದಿತ್ತು.

ಒಳಗೆ ಬಂದು, “ಹೌದಪ್ಪಾ, ಸೀಳಿಲ್ಲ” ಎಂದೆ.

“ಹಾಗಾದರೆ ಅವರಿಗೆ ಹೇಳಿ ಬಾ” ಎಂದ.

ಹೇಳಿ ಬಂದೆ.