ಬೋಪಣ್ಣನವರ ಮೊಣಕಾಲು, ರೋಸ್‌ವಾಲ್ ಅವರ ಹುಟ್ಟುಹಬ್ಬ

ರಾಯಚೂರು, 2 ನವೆಂಬರ್ 2025, ಭಾನುವಾರ

ನಿನ್ನೆ ಶಾಲೆಯಲ್ಲಿ ರಾಜ್ಯೋತ್ಸವದ ಧ್ವಜಾರೋಹಣ ಮುಗಿಸಿ ಮನೆಗೆ ಬಂದಾಗ, ಕೊಡಗಿನ ರೋಹನ್ ಬೋಪಣ್ಣ ಟೆನಿಸ್‌ಗೆ ವಿದಾಯ ಹೇಳಿದ ಸುದ್ದಿ ಓದಿದೆ. ಅವರಿಗೆ 45 ವರ್ಷ. ದೈಹಿಕ ಶಿಕ್ಷಣ ಶಿಕ್ಷಕನಾದ ನಾನು ಅವರಿಗಿಂತ ಎರಡು ವರ್ಷ ಕಿರಿಯನಾದರೂ, ಮೊಣಕಾಲು ನೋವೆಂದು ಮಕ್ಕಳೊಡನೆ ಓಡುವುದನ್ನು ಬಿಟ್ಟು ಒಂದು ವರ್ಷವಾಯಿತು. ಅದಕ್ಕಾಗಿಯೇ ಇರಬೇಕು, ಆ ಸುದ್ದಿ ರಾತ್ರಿಯಿಡೀ ಮನಸ್ಸನ್ನು ಬಿಡಲಿಲ್ಲ.

ಬೋಪಣ್ಣನವರ ಮೊಣಕಾಲುಗಳಲ್ಲಿ ಮೃದ್ವಸ್ಥಿಯೇ ಸವೆದುಹೋಗಿತ್ತು. ನೋವಿನ ಮಾತ್ರೆ ನುಂಗಿ ಆಡುತ್ತಿದ್ದುದನ್ನು ಅವರೇ ಹೇಳಿಕೊಂಡಿದ್ದಾರೆ. 2021ರಲ್ಲಿ ತಿಂಗಳುಗಟ್ಟಲೆ ಒಂದು ಪಂದ್ಯವೂ ಕೈಹಿಡಿಯದೆ, ಆಟವನ್ನೇ ಬಿಡುವ ಯೋಚನೆಯವರೆಗೆ ಬಂದಿದ್ದರು. ಅವರನ್ನು ಮತ್ತೆ ಅಂಗಳದಲ್ಲಿ ನಿಲ್ಲಿಸಿದ್ದು ಅಯ್ಯಂಗಾರ್ ಯೋಗ. ನಮ್ಮದೇ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು ರೂಪಿಸಿದ, ಕುರ್ಚಿ, ಹಗ್ಗ, ಪಟ್ಟಿಗಳ ಆಸರೆಯಲ್ಲಿ ನಿಧಾನವಾಗಿ ಮೈಯನ್ನು ಪಳಗಿಸುವ ಆ ಪದ್ಧತಿ ಇಂಥ ಕಡೆ ಫಲ ಕೊಟ್ಟಿತೆಂಬುದು ನನಗೆ ಬಹಳ ಹೆಮ್ಮೆಯ ವಿಷಯ. 2024ರ ಜನವರಿ 27ರಂದು ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರ ವಯಸ್ಸು 43. ಮುಕ್ತ ಯುಗದಲ್ಲಿ, ಅಂದರೆ ದೊಡ್ಡ ಟೂರ್ನಿಗಳು ವೃತ್ತಿಪರರಿಗೂ ತೆರೆದ 1968ರಿಂದೀಚೆಗೆ, ಪುರುಷರ ಡಬಲ್ಸ್‌ನಲ್ಲಿ ಗ್ರ್ಯಾನ್ ಸ್ಲ್ಯಾಮ್ (ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳಲ್ಲೊಂದು) ಗೆದ್ದವರಲ್ಲಿ ಅವರೇ ಅತಿ ಹಿರಿಯರು. ಅದರ ಬೆನ್ನಲ್ಲೇ ಡಬಲ್ಸ್‌ನ ಅಗ್ರ ಕ್ರಮಾಂಕವೂ ಬಂದಿತು.

ಇಂದಿನ ಆಟಗಾರರ ದೀರ್ಘ ಬಾಳಿಕೆಗೆ ಹಣ, ಆಹಾರ ತಜ್ಞರು, ಫಿಸಿಯೋಥೆರಪಿಗಳೇ ಕಾರಣವೆಂದು ಸಹೋದ್ಯೋಗಿಗಳು ವಾದಿಸುತ್ತಾರೆ. ಅದು ಸುಳ್ಳಲ್ಲ, ಆದರೆ ಸಾಲದು. ಯಾವುದನ್ನು ಬಿಡಬೇಕೆಂಬ ತಿಳಿವಳಿಕೆಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಬೋಪಣ್ಣ ಸಿಂಗಲ್ಸ್ ಬಿಟ್ಟರು. ಫೆಡರರ್ 2017ರಲ್ಲಿ ಮಣ್ಣಿನಂಕಣದ ಇಡೀ ಋತುವನ್ನೇ ಕೈಬಿಟ್ಟು, 36ರ ಹೊಸ್ತಿಲಲ್ಲಿ ಒಂದು ಸೆಟ್ಟನ್ನೂ ಸೋಲದೆ ವಿಂಬಲ್ಡನ್ ಗೆದ್ದರು.

ಫಿಸಿಯೋಗಳ ವಾದಕ್ಕೆ ನನ್ನ ನಿಜವಾದ ಉತ್ತರ ಕೆನ್ ರೋಸ್‌ವಾಲ್. ಇಂದು ಅವರಿಗೆ 91 ತುಂಬಿತು. 5 ಅಡಿ 7 ಅಂಗುಲದ ಆ ಆಸ್ಟ್ರೇಲಿಯನ್, ಬಿರುಸಿನ ಸರ್ವ್ ಇಲ್ಲದೆ, ಚೆಂಡು ಬೀಳುವಲ್ಲಿಗೆ ಮೊದಲೇ ತಲುಪಿ ಬ್ಯಾಕ್‌ಹ್ಯಾಂಡ್ ಸ್ಲೈಸ್‌ನಿಂದ ಆಡುತ್ತಿದ್ದವರು. 1953ರಲ್ಲಿ, 18ನೆಯ ವಯಸ್ಸಿಗೆ, ಮೊದಲ ಗ್ರ್ಯಾನ್ ಸ್ಲ್ಯಾಮ್ ಗೆದ್ದರು. ಹಣಕ್ಕಾಗಿ ಆಡುವ ವೃತ್ತಿಪರರಾದ ಕಾರಣಕ್ಕೆ 1957ರಿಂದ 1967ರವರೆಗೆ, ಅಂದರೆ ತಮ್ಮ ಆಟ ಮಾಗಿದ್ದ ಹನ್ನೊಂದು ವರ್ಷ, ಆಗ ಹವ್ಯಾಸಿಗಳಿಗಷ್ಟೇ ಮೀಸಲಾಗಿದ್ದ ಆ ದೊಡ್ಡ ಟೂರ್ನಿಗಳ ಬಾಗಿಲು ಅವರಿಗೆ ಮುಚ್ಚಿತ್ತು. 1968ರಲ್ಲಿ ಬಾಗಿಲು ತೆರೆದ ಕೂಡಲೇ ಫ್ರೆಂಚ್ ಓಪನ್ ಗೆದ್ದರು. 1972ರಲ್ಲಿ, 37ರ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್. ಮುಕ್ತ ಯುಗದ ಪುರುಷರ ಸಿಂಗಲ್ಸ್‌ನಲ್ಲಿ ಆ ವಯಸ್ಸಿನ ದಾಖಲೆಯನ್ನು ಜೊಕೊವಿಚ್ ಕೂಡ ಇನ್ನೂ ಮುರಿದಿಲ್ಲ. 1974ರಲ್ಲಿ 39 ವರ್ಷದ ರೋಸ್‌ವಾಲ್ ವಿಂಬಲ್ಡನ್ ಮತ್ತು ಅಮೆರಿಕನ್ ಓಪನ್ ಎರಡರ ಫೈನಲ್‌ಗೂ ಬಂದು, ಅವರು ಮೊದಲ ಪ್ರಶಸ್ತಿ ಎತ್ತಿದಾಗ ಕೂಸಾಗಿದ್ದ ಜಿಮ್ಮಿ ಕಾನರ್ಸ್ ಎದುರು ಎರಡನ್ನೂ ಸೋತರು.