ಮಂಡ್ಯದ ಪಿನ್‌ಕೋಡ್‌ ಒಳಗಿರೋ ಅವಿಭಾಜ್ಯ

ಮಂಡ್ಯದ ಪಿನ್‌ಕೋಡ್ 571401. ಅಂಕಿಗಳನ್ನ ಕೂಡಿದ್ರೆ 18, ಅಂದಮೇಲೆ 9ರಿಂದ ಭಾಗ ಹೋಗುತ್ತೆ: 63489. ಮಕ್ಕಳು ಇಲ್ಲೇ ನಿಲ್ಲಿಸಿಬಿಡ್ತಾರೆ. ನಿಲ್ಲಿಸಬಾರದು, ಭಾಗಲಬ್ಧದ ಅಂಕಿಗಳನ್ನೂ ಕೂಡಿ ನೋಡಬೇಕು. 30 ಬರುತ್ತೆ, ಅಂದ್ರೆ ಇನ್ನೂ ಒಂದು 3 ಒಳಗಿದೆ. ಅದನ್ನೂ ತೆಗೆದ್ರೆ ಉಳಿಯೋದು 21163.

ಇದು ಒಡೆಯುತ್ತಾ? 145ರ ವರ್ಗ 21025, 146ರದು 21316. ಅಂದ್ರೆ ಎರಡಾಗಿ ಒಡೆದ್ರೆ ಚಿಕ್ಕ ತುಂಡು 145 ದಾಟಲ್ಲ. ಹಾಗಾಗಿ ಅದರೊಳಗಿನ ಕೊನೇ ಅವಿಭಾಜ್ಯ 139, ಅಲ್ಲೀವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದ್ರೆ ಸಾಕು, ಅದರಾಚೆ ಬರೀ ದಂಡ. 7ಕ್ಕೆ ಶೇಷ 2. ಆದರೆ 11, 13, 37 ನೋಡಿ, ಮೂರೂ ಒಂದೇ ಒಂದರಲ್ಲಿ ತಪ್ಪುತ್ತವೆ! ಯಾಕಂದ್ರೆ ಪಕ್ಕದ 21164 ಅಂದ್ರೆ 4×11×13×37. ಬೆನ್ನಿಗೇ ಇರೋ ಸಂಖ್ಯೆ ಅಷ್ಟು ಚೂರಾಗುತ್ತೆ, ಇದು ಮಾತ್ರ ಯಾವುದಕ್ಕೂ ಜಗ್ಗಲ್ಲ, ಅವಿಭಾಜ್ಯ. ಎಷ್ಟು ಚೆಂದ ಅಲ್ವಾ! ದಿನಾ ಲಕೋಟೆ ಮೇಲೆ ಬರೆಯೋ ಆರಂಕಿ: 3×3×3×21163.